ಓದುಗರು ಕೇಳಿದ್ದು: ಜಪಾನ್‌ಗೆ ಹೊರಟವರ ಪ್ರಶ್ನೆಗಳು

ಜಪಾನ್ ಪ್ರವಾಸದ ಬಗ್ಗೆ ಕೇಳೋದಿದ್ರೆ ಬರೀರಿ ಅಂದಿದ್ವಿ, ರಾಶಿ ಪ್ರಶ್ನೆ ಬಂದಿವೆ. ಒಂದೇ ಥರದವನ್ನ ಒಟ್ಟು ಸೇರಿಸಿ ಉತ್ತರ ಕೊಡ್ತಿದೀನಿ. ವೀಸಾ ಬಗ್ಗೆ ಕೇಳಿದವರಿಗೆ ಒಂದೇ ಮಾತು, ನಮ್ಮ ಪಾಸ್‌ಪೋರ್ಟ್‌ಗೆ ವೀಸಾ ಬೇಕೇ ಬೇಕು, ನಿಯಮ ಬದಲಾಗ್ತಾ ಇರತ್ತೆ, ಕಾನ್ಸುಲೇಟ್ ವೆಬ್‌ಸೈಟಲ್ಲೇ ನೋಡ್ಕೊಳಿ.

ಪ್ರಶ್ನೆ: ನಮಸ್ಕಾರ್ರೀ. ನಾವು ನಾಕು ಮಂದಿ ಎಂಟು ದಿನಕ್ಕ ಜಪಾನ್ ಹೊಂಟೇವ್ರಿ. ಟೋಕಿಯೋ, ಫೂಜಿ, ಕ್ಯೋಟೋ, ನಾರಾ, ಒಸಾಕಾ, ಹಿರೋಶಿಮಾ, ಆಮ್ಯಾಲೆ ಓಕಿನಾವಾ, ಎಲ್ಲಾ ನೋಡಬೇಕಂತ ಮಾಡೇವಿ. ಜೆಆರ್ ಪಾಸ್ ತಗೋಬೇಕೋ ಬ್ಯಾಡೋ ಹೇಳ್ರಿ.
(ಧಾರವಾಡದಿಂದ)

ಉತ್ತರ: ಮೊದಲು ಓಕಿನಾವಾ ತೆಗೀರಿ ಸರ್. ಮ್ಯಾಪಲ್ಲಿ ಜಪಾನ್ ಚಿಕ್ಕದಾಗಿ ಕಾಣತ್ತೆ, ಆದ್ರೆ ಟೋಕಿಯೋದಿಂದ ಓಕಿನಾವಾದ ನಾಹಾಕ್ಕೆ 1,500 ಕಿಲೋಮೀಟರ್ ಮೇಲಿದೆ, ರೈಲಿಲ್ಲ, ಇಷ್ಟು ಕಮ್ಮಿ ದಿನದಲ್ಲಿ ವಿಮಾನವೇ ಗತಿ, ಹೋಗೋ ದಿನ ಬರೋ ದಿನ ಕಳೆದ್ರೆ ನಿಮ್ಮ ಕೈಯಲ್ಲಿ ಉಳಿಯೋದು ಆರು ದಿನ. ಆರು ದಿನದಲ್ಲಿ ಆರು ಊರು ಅಂದ್ರೆ ಸ್ಟೇಷನ್ ನೋಡ್ಕೊಂಡು ಬಂದ ಹಾಗೆ. ನನ್ನ ಮಾತು ಕೇಳೋದಾದ್ರೆ ನಾಕು ರಾತ್ರಿ ಟೋಕಿಯೋ, ಉಳಿದದ್ದು ಕ್ಯೋಟೋ, ಅಲ್ಲಿಂದ ಒಂದಿನ ನಾರಾ. ಒಸಾಕಾ ಕ್ಯೋಟೋದಿಂದ ಅರ್ಧ ಗಂಟೆ, ಒಂದು ಸಂಜೆ ಹೋಗಿ ಬಂದ್ರಾಯ್ತು. ದ್ವೀಪ ನೋಡ್ಬೇಕು ಅನ್ನೋ ಆಸೆಗೆ ಟೋಕಿಯೋ ಹತ್ರಾನೇ ಎನೋಶಿಮಾ ಇದೆ, ಕಾಮಾಕುರಾದ ದೊಡ್ಡ ಬುದ್ಧನ್ನ ನೋಡಿ ಸಮುದ್ರದ ಅಂಚಲ್ಲೇ ಓಡೋ ಎನೋಡೆನ್ ಅನ್ನೋ ಪುಟ್ಟ ರೈಲು ಹತ್ತಿದ್ರೆ ಅಲ್ಲಿಗೇ ಹೋಗತ್ತೆ, ಸೇತುವೆ ಮೇಲೆ ನಡ್ಕೊಂಡೇ ದ್ವೀಪಕ್ಕೆ ಹೋಗ್ಬಹುದು. ಅಲ್ಲಿರೋ ದೇವತೆ ಬೆಂಜಾಯ್ಟೆನ್, ಅಂದ್ರೆ ನಮ್ಮ ಸರಸ್ವತಿನೇ, ಬೌದ್ಧ ಧರ್ಮದ ಜೊತೆ ಚೀನಾ ಮಾರ್ಗವಾಗಿ ಹೋಗಿ ಅಲ್ಲಿ ನೆಲೆ ನಿಂತವಳು, ಕೈಯಲ್ಲಿ ವೀಣೆ ಬದಲು ಬೀವಾ ಅನ್ನೋ ತಂತಿವಾದ್ಯ.

ಜೆಆರ್ ಪಾಸ್, ಅಂದ್ರೆ ಜೆಆರ್ ರೈಲುಗಳಲ್ಲಿ ಇಷ್ಟು ದಿನ ಅಂತ ಓಡಾಡೋಕೆ ಪ್ರವಾಸಿಗರಿಗೆ ಕೊಡೋ ಟಿಕೆಟ್, ಬೇಡ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಜೆಆರ್ ಪಾಸ್ ಬೆಲೆ 29,650 ಯೆನ್‌ನಿಂದ ಒಂದೇ ಸಲ 50,000 ಯೆನ್‌ಗೆ ಏರಿಸಿದ್ರು. ಟೋಕಿಯೋ-ಕ್ಯೋಟೋ ಶಿಂಕಾನ್‌ಸೆನ್ ಬುಲೆಟ್ ರೈಲಿನ ಟಿಕೆಟ್ ಒಂದು ಕಡೆಗೆ ಸುಮಾರು 14,000 ಯೆನ್, ಹೋಗಿ ಬಂದ್ರೂ 28,000, ಇನ್ನು ಪಾಸ್ ಯಾಕೆ. ಹಳೇ ಬ್ಲಾಗು ಹಳೇ ವಿಡಿಯೋ ನೋಡಿ ಈಗಲೂ ಎಷ್ಟೋ ಜನ ಕೊಳ್ತಾರೆ, ದುಡ್ಡು ದಂಡ. ಊರೊಳಗಿನ ಓಡಾಟಕ್ಕೆ ಸುಯಿಕಾ ಅಥವಾ ಇಕೋಕಾ ಕಾರ್ಡ್ ಸಾಕು, ಮೆಟ್ರೋ ಬಸ್ಸು ಅಂಗಡಿ ಎಲ್ಲ ಕಡೆ ಟ್ಯಾಪ್ ಮಾಡಿದ್ರಾಯ್ತು. ಇನ್ನೊಂದು, ನಾಕು ಜನ ಅಂದ್ರೆ ನಾಕು ದೊಡ್ಡ ಸೂಟ್‌ಕೇಸ್ ಇರತ್ತೆ. ಟೋಕಿಯೋ-ಕ್ಯೋಟೋ ಮಾರ್ಗದ ಶಿಂಕಾನ್‌ಸೆನ್‌ನಲ್ಲಿ ಉದ್ದ ಅಗಲ ಎತ್ತರ ಮೂರೂ ಸೇರಿ 160 ಸೆಂಟಿಮೀಟರ್ ದಾಟಿದ ಸೂಟ್‌ಕೇಸ್‌ಗೆ ಅದಕ್ಕೇ ಅಂತಿರೋ ಸೀಟನ್ನ ಮೊದಲೇ ಬುಕ್ ಮಾಡ್ಬೇಕು. ಅದಕ್ಕಿಂತ ಒಳ್ಳೇದು ತಕ್ಯೂಬಿನ್ ಅನ್ನೋ ಲಗೇಜ್ ಕೊರಿಯರ್, ಹೋಟೆಲ್ ರಿಸೆಪ್ಷನ್‌ನಲ್ಲಿ ಕೊಟ್ರೆ ಸಾಮಾನ್ಯವಾಗಿ ಮಾರನೇ ದಿನ ಕ್ಯೋಟೋ ಹೋಟೆಲ್‌ಗೆ ಸೂಟ್‌ಕೇಸ್ ಬಂದಿರತ್ತೆ, ನೀವು ಬೆನ್ನಿಗೊಂದು ಬ್ಯಾಗ್ ಹಾಕ್ಕೊಂಡು ಆರಾಮಾಗಿ ಹೋಗಿ.

ನಾರಾದಲ್ಲಿ ಎಲ್ರೂ ಜಿಂಕೆ ಹಿಂದೆ ಬೀಳ್ತಾರೆ. ಜಿಂಕೆ ನೋಡಿ, ಆದ್ರೆ ತೋದಾಯ್‌ಜಿ ದೇವಸ್ಥಾನದೊಳಗೆ ಆ ಮಹಾಬುದ್ಧನ ಎದುರು ಸ್ವಲ್ಪ ಹೊತ್ತು ಕೂತ್ಕೊಳ್ಳಿ. 752ರಲ್ಲಿ ಆ ವಿಗ್ರಹಕ್ಕೆ ಕಣ್ಣು ಬರೆದು ಜೀವಕಳೆ ಕೊಟ್ಟವರು ಭಾರತದಿಂದ ಹೋಗಿದ್ದ ಬೋಧಿಸೇನ ಅನ್ನೋ ಭಿಕ್ಷು. ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಸಮುದ್ರ ದಾಟಿ ಹೋದ ನಮ್ಮ ಕಡೆಯವರೊಬ್ಬರು ಅಲ್ಲಿ ಅಂಥ ಕೆಲಸ ಮಾಡಿದ್ರು ಅಂತ ಗೊತ್ತಿದ್ದು ನೋಡಿದ್ರೆ ಆ ಜಾಗ ಬೇರೇನೇ ಕಾಣತ್ತೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆ ಕೂಡ ತಿನ್ನಲ್ಲ, ಅತ್ತೆಯವರು ಈರುಳ್ಳಿ ಬೆಳ್ಳುಳ್ಳಿನೂ ತಿನ್ನಲ್ಲ. ಅಲ್ಲಿ ಉಪವಾಸಾನೇ ಅಂತ ಎಲ್ರೂ ಹೆದರಿಸ್ತಿದಾರೆ.
(ಶಿವಮೊಗ್ಗದಿಂದ)

ಉತ್ತರ: ಉಪವಾಸ ಏನಿಲ್ಲ ಮೇಡಂ, ಆದ್ರೆ ಒಂದು ವಿಷಯ ಸರಿಯಾಗಿ ತಿಳ್ಕೊಂಡು ಹೋಗಿ. ಅಲ್ಲಿ ತೊಂದ್ರೆ ಇರೋದು ಕಣ್ಣಿಗೆ ಕಾಣೋ ಮಾಂಸದಲ್ಲಲ್ಲ, ಕಾಣದೇ ಇರೋ ದಾಶಿಯಲ್ಲಿ. ಒಣಗಿಸಿದ ಬೊನಿಟೋ ಮೀನಿನ ಚೂರು ಕುದಿಸಿ ತೆಗೆದ ತಿಳಿ ಅದು, ಮಿಸೋ ಸೂಪು, ಸೋಬಾ ಉದೋನ್ ನೂಡಲ್ಸ್ ಸಾರು, ತೆಂಪುರಾ ಅದ್ದಿ ತಿನ್ನೋ ಸಾಸು, ತರಕಾರಿ ಬೇಯಿಸಿದ ನೀರು, ಇನಾರಿ ಸುಶಿಯ ತೋಫು ಚೀಲ ಕೂಡ ಬಹಳ ಕಡೆ ಅದರಲ್ಲೇ ಬೇಯಿಸಿರ್ತಾರೆ. "ಮೀಟ್ ಇದೆಯಾ" ಅಂತ ಕೇಳಿದ್ರೆ ಪಾಪ ಅವರು ಇಲ್ಲ ಅಂತಾರೆ, ಅವರ ಲೆಕ್ಕದಲ್ಲಿ ಅದು ನಿಜಾನೇ, ಯಾಕಂದ್ರೆ ದಾಶಿ ಅವರಿಗೆ ನಮ್ಮ ಒಗ್ಗರಣೆ ಇದ್ದ ಹಾಗೆ, ಲೆಕ್ಕಕ್ಕೇ ಬರಲ್ಲ. ಅದಕ್ಕೆ ಮಾಂಸ, ಮೀನು, ಮೊಟ್ಟೆ, ಮೀನಿನ ದಾಶಿ ಇವ್ಯಾವೂ ಬೇಡ ಅಂತ ಜಪಾನೀಸ್‌ನಲ್ಲಿ ಬರೆದ ಒಂದು ಚೀಟಿ ಫೋನಲ್ಲಿ ಇಟ್ಕೊಳಿ, ಬಾಯಲ್ಲಿ ಹೇಳೋದಕ್ಕಿಂತ ಅದು ಕೆಲಸ ಮಾಡತ್ತೆ. ಪ್ಯಾಕೆಟ್ ಮೇಲಿನ ಅಲರ್ಜಿ ಪಟ್ಟಿ ನಂಬ್ಕೊಂಡು ಕೂರಬೇಡಿ, ಕಡ್ಡಾಯವಾಗಿ ಹಾಕ್ಬೇಕಾದ ಪಟ್ಟಿಯಲ್ಲಿ ಮೊಟ್ಟೆ ಹಾಲು ಸೀಗಡಿ ಏಡಿ ಇವೆ, ಮೀನು ಇಲ್ಲ. ಪೂರ್ತಿ ಇಂಗ್ರೀಡಿಯೆಂಟ್ಸ್‌ನ ಟ್ರಾನ್ಸ್‌ಲೇಟ್ ಕ್ಯಾಮೆರಾದಲ್ಲಿ ಓದಿ.

ತಿನ್ನೋಕೆ ಸಿಗೋದು ಹೇಳ್ತೀನಿ. ಕನ್ವೀನಿಯನ್ಸ್ ಸ್ಟೋರ್‌ಗಳಲ್ಲಿ ಉಮೆಬೋಶಿ ಒನಿಗಿರಿ, ಅಂದ್ರೆ ಒಳಗೆ ಹುಳಿ ಉಪ್ಪು ಉಪ್ಪಾದ ಕಾಯಿ ಇಟ್ಟ ಅನ್ನದ ಉಂಡೆ, ಉಪ್ಪಿನಕಾಯಿ ಅನ್ನ ತಿನ್ನೋ ನಮಗೆ ಹಿಡಿಸತ್ತೆ, ಆದ್ರೂ ಲೇಬಲ್ ಓದಿ. ಅನ್ನದಲ್ಲಿ ಸೌತೆಕಾಯಿ ಇಟ್ಟು ಸುತ್ತಿದ ಕಪ್ಪಾ ಮಾಕಿ ಸುಶಿ, ಸುಟ್ಟ ಗೆಣಸು, ಬಾಳೆಹಣ್ಣು, ಹಾಲು, ಮೊಸರು. ಟೋಕಿಯೋ ಸ್ಟೇಷನ್ ಒಳಗೇ ಟೀಸ್ ತಾನ್‌ತಾನ್ ಅಂತ ಪೂರ್ತಿ ವೀಗನ್ ರಾಮೆನ್ ಅಂಗಡಿ ಇದೆ, ಆದ್ರೆ ಅತ್ತೆಯವರಿಗೆ ಕೊಡೋ ಮುಂಚೆ ಈರುಳ್ಳಿ ಬೆಳ್ಳುಳ್ಳಿ ಇದೆಯಾ ಅಂತ ಕೇಳ್ಕೊಳಿ.

ಅತ್ತೆಯವರನ್ನ ಕೋಯಾಸಾನ್‌ಗೆ ಕರ್ಕೊಂಡು ಹೋಗಿ. ಒಸಾಕಾದ ನಂಬಾದಿಂದ ರೈಲು, ಕೊನೆಗೊಂದು ಕೇಬಲ್ ಕಾರು, ಮೇಲೆ ಹೋದ್ರೆ ಕೂಕಾಯ್ ಅನ್ನೋ ಸನ್ಯಾಸಿ 9ನೇ ಶತಮಾನದಲ್ಲಿ ಕಟ್ಟಿದ ಮಠಗಳ ಊರು. ಮಠದಲ್ಲೇ ರೂಮು, ಬೆಳಗ್ಗೆ ಹೋಮ ಕೂಡ ನೋಡ್ಬಹುದು, ಗೋಮಾ ಅಂತ ಕರೀತಾರೆ, ಅದು ನಮ್ಮ ಹೋಮಾನೇ. ಊಟ ಶೋಜಿನ್ ರ್ಯೋರಿ, ಮಾಂಸ ಮೀನು ಇಲ್ಲ, ಸಂಪ್ರದಾಯದ ಪ್ರಕಾರ ಈರುಳ್ಳಿ ಬೆಳ್ಳುಳ್ಳಿನೂ ಇಲ್ಲ, ದಾಶಿ ಕೂಡ ಕೊಂಬು ಅನ್ನೋ ಸಮುದ್ರದ ಪಾಚಿ, ಶಿಯಿತಾಕೆ ಅಣಬೆ ಹಾಕಿದ್ದು. ಅಣಬೆ ಅವರಿಗೆ ಆಗದಿದ್ರೆ ಬುಕ್ ಮಾಡೋವಾಗ್ಲೇ ಹೇಳಿ. ಎಳ್ಳಿನ ತೋಫು ಅಲ್ಲಿಯ ವಿಶೇಷ, ಬಾಯಲ್ಲಿ ಇಟ್ರೆ ಕರಗತ್ತೆ.

ಪ್ರಶ್ನೆ: ಮಗ ಸೊಸೆ ಟೋಕಿಯೋದ ನಿಶಿ ಕಸಾಯ್‌ನಲ್ಲಿದಾರೆ. ನಾವಿಬ್ರೂ ಎರಡು ತಿಂಗಳು ಇರೋಕೆ ಹೋಗ್ತಿದೀವಿ. ಅವರಿಬ್ರೂ ಕೆಲಸಕ್ಕೆ ಹೋದ್ಮೇಲೆ ನಾವು ಏನ್ ಮಾಡೋದು? ಭಾಷೆ ಬರಲ್ಲ. ನಮ್ಮನೆಯವರಿಗೆ ಬಿಪಿ ಶುಗರ್ ಮಾತ್ರೆ ಬೇರೆ.
(ತುಮಕೂರಿನಿಂದ)

ಉತ್ತರ: ಅಮ್ಮ, ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯ್ತು, ಯಾಕಂದ್ರೆ ವಾರಕ್ಕೆ ಹೋಗಿ ಬರೋ ಟೂರಿಸ್ಟ್‌ಗಳಿಗೆ ಸಿಗದ ಜಪಾನ್ ನಿಮಗೆ ಸಿಗತ್ತೆ.

ಮೊದಲು ಮಾತ್ರೆ ವಿಷಯ ಮುಗಿಸೋಣ. ಡಾಕ್ಟರ್ ಚೀಟಿ ಮೇಲೆ ಕೊಳ್ಳೋ ಮಾತ್ರೆಗಳನ್ನ ಒಂದು ತಿಂಗಳಿಗಾಗೋಷ್ಟು ಹಾಗೇ ತಗೊಂಡು ಹೋಗ್ಬಹುದು, ಅದಕ್ಕಿಂತ ಹೆಚ್ಚಿದ್ರೆ ಯುನ್ಯು ಕಾಕುನಿನ್‌ಶೋ ಅನ್ನೋ ಅನುಮತಿ ಪತ್ರ ಮೊದಲೇ ತರಿಸ್ಕೋಬೇಕು. ನೀವು ಎರಡು ತಿಂಗಳು ಅಂತಿದೀರ, ಹಾಗಾಗಿ ಮಗನ ಹತ್ರ ಇವತ್ತೇ ಹೇಳಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕ್ಸಿ. ನೆಗಡಿ ಮಾತ್ರೆ ಪಟ್ಟಿ ಸುಮ್ನೆ ಚೀಲಕ್ಕೆ ಹಾಕ್ಕೋಬೇಡಿ, ಸ್ಯೂಡೋಎಫೆಡ್ರಿನ್ 10 ಪರ್ಸೆಂಟ್‌ಗಿಂತ ಹೆಚ್ಚಿರೋದನ್ನ ಬಿಡೋದಿಲ್ಲ. ಹಸಿ ಕರಿಬೇವು, ಮಾವಿನಕಾಯಿ, ತರಕಾರಿ ಬೇಡ, ಏರ್‌ಪೋರ್ಟ್‌ನಲ್ಲೇ ಹೋಗತ್ತೆ. ಚಟ್ನಿಪುಡಿ, ಸಾರಿನಪುಡಿ ಧಾರಾಳವಾಗಿ ತಗೊಂಡು ಹೋಗಿ. ಹೆಚ್ಚೇನೂ ಹೊತ್ಕೊಂಡು ಹೋಗೋದೂ ಬೇಕಿಲ್ಲ, 2000ದ ಆಸುಪಾಸಿನಿಂದ ಐಟಿ ಕೆಲಸಕ್ಕೆ ಹೋದವರೆಲ್ಲ ಅಲ್ಲೇ ನೆಲೆಸಿ ನಿಶಿ ಕಸಾಯ್ ಈಗ ಟೋಕಿಯೋದ ಇಂಡಿಯನ್ ಏರಿಯಾನೇ ಆಗಿದೆ, ಬೇಳೆ ಅಕ್ಕಿ ಹಿಟ್ಟು ಎಲ್ಲ ಸಿಗತ್ತೆ.

ಬೆಳಗ್ಗೆ ಬೇಗ ಎದ್ದು ಬಾಲ್ಕನಿಯಲ್ಲಿ ನಿಂತ್ಕೊಳಿ. ಆರು ವರ್ಷದ ಮಕ್ಕಳು ಬೆನ್ನಿಗೆ ಗಟ್ಟಿ ಚೌಕದ ಬ್ಯಾಗ್ ಹಾಕ್ಕೊಂಡು, ಒಂದನೇ ಕ್ಲಾಸಿನವಾದ್ರೆ ಹಳದಿ ಟೋಪಿನೂ ಹಾಕ್ಕೊಂಡು, ಅಪ್ಪ ಅಮ್ಮ ಯಾರೂ ಇಲ್ದೆ ಗುಂಪಾಗಿ ಸ್ಕೂಲಿಗೆ ನಡ್ಕೊಂಡು ಹೋಗ್ತಾವೆ, ರಸ್ತೆ ದಾಟೋ ಕಡೆ ಎಷ್ಟೋ ಸಲ ನಿಮ್ಮ ವಯಸ್ಸಿನ ಹಿರಿಯರೇ ಬಾವುಟ ಹಿಡ್ಕೊಂಡು ನಿಂತಿರ್ತಾರೆ. ಇಡೀ ಓಣಿ ಸೇರಿ ಮಕ್ಕಳನ್ನ ನೋಡ್ಕೊಳೋದು ಅಂದ್ರೆ ಏನು ಅಂತ ಅಲ್ಲಿ ಕಾಣತ್ತೆ. ಸಂಜೆ ಐದು ಗಂಟೆಗೆ, ಚಳಿಗಾಲದಲ್ಲಿ ಇನ್ನೂ ಸ್ವಲ್ಪ ಮುಂಚೆ, ಇದ್ದಕ್ಕಿದ್ದ ಹಾಗೆ ಲೌಡ್‌ಸ್ಪೀಕರ್‌ನಲ್ಲಿ ಒಂದು ರಾಗ ಬರತ್ತೆ, ಗಾಬರಿ ಆಗ್ಬೇಡಿ. ಭೂಕಂಪ ಸುನಾಮಿ ಎಚ್ಚರಿಕೆ ಕೊಡೋ ಸ್ಪೀಕರ್ ಸರಿ ಇದೆಯಾ ಅಂತ ದಿನಾ ಪರೀಕ್ಷೆ ಮಾಡೋ ಕ್ರಮ ಅದು, ಮಕ್ಕಳಿಗೆ ಮಾತ್ರ ಅದು ಆಟ ಮುಗಿಸಿ ಮನೆಗೆ ಹೋಗೋ ಹೊತ್ತು.

ಕಸದ ವಿಷಯ ಸೊಸೆ ಹತ್ರ ಚೆನ್ನಾಗಿ ಕೇಳ್ಕೊಳಿ. ಸುಡೋ ಕಸ ಒಂದಿನ, ಬಾಟಲಿ ಡಬ್ಬ ಒಂದಿನ, ಪೇಪರ್ ಒಂದಿನ, ಪ್ಲಾಸ್ಟಿಕ್ ಬಾಟಲಿ ಆದ್ರೆ ಮುಚ್ಚಳ, ಲೇಬಲ್ ಕಿತ್ತು ತೊಳೆದು ಇಡ್ಬೇಕು. ತಪ್ಪು ದಿನ ಇಟ್ರೆ ಚೀಟಿ ಅಂಟಿಸಿ ಅಲ್ಲೇ ಬಿಟ್ಟು ಹೋಗ್ತಾರೆ, ಅಕ್ಕಪಕ್ಕದವರ ಮುಂದೆ ಸೊಸೆಗೆ ಮುಜುಗರ ಆಗತ್ತೆ. ಬೀದಿಯಲ್ಲಿ ಕಸದ ಡಬ್ಬಿ ಹುಡುಕಿದ್ರೂ ಸಿಗಲ್ಲ, 1995ರಲ್ಲಿ ಟೋಕಿಯೋ ಮೆಟ್ರೋದಲ್ಲಿ ಸಾರಿನ್ ವಿಷಾನಿಲ ಬಿಟ್ಟ ಮೇಲೆ ಸ್ಟೇಷನ್, ಪಾರ್ಕ್‌ಗಳಲ್ಲಿದ್ದ ಡಬ್ಬಿಗಳನ್ನ ತೆಗೆದ್ರು. ಚೀಲದಲ್ಲಿ ಒಂದು ಕವರ್ ಇಟ್ಕೊಂಡು ಕಸ ಮನೆಗೇ ತನ್ನಿ, ಅಲ್ಲಿನವರೂ ಹಾಗೇ ಮಾಡೋದು.

ಹತ್ರದಲ್ಲೇ ಗ್ಯೋಸೆನ್ ಪಾರ್ಕ್ ಇದೆ, ಒಳಗೆ ಪುಟ್ಟ ಪ್ರಾಣಿಸಂಗ್ರಹಾಲಯ, ಟಿಕೆಟ್ ಇಲ್ಲ, ದಿನಾ ಬೆಂಚಲ್ಲಿ ಕೂರಿ, ಎರಡನೇ ವಾರಕ್ಕೆ ಅಲ್ಲಿ ಬರೋ ಅಜ್ಜಿಯರು ನಿಮಗೆ ತಲೆಬಾಗಿ ನಗೋಕೆ ಶುರು ಮಾಡ್ತಾರೆ, ಭಾಷೆ ಏನೂ ಬೇಡ. ಸಮುದ್ರ ನೋಡೋಕೆ ಕಸಾಯ್ ರಿಂಕಾಯ್ ಪಾರ್ಕ್. ಮತ್ತೆ ಒಂದಿನ ಮಗನ್ನ ಕರ್ಕೊಂಡು ಅಸಾಕುಸಾಗೆ ಹೋಗಿ. ಎಲ್ರೂ ಸೆನ್ಸೋಜಿ ದೇವಸ್ಥಾನ ನೋಡಿ ವಾಪಸ್ ಬರ್ತಾರೆ, ನೀವು ಅಲ್ಲಿಂದ ಸುಮಿದಾ ನದಿ ಪಕ್ಕ ಹತ್ತು ನಿಮಿಷ ಮುಂದೆ ನಡೆದು ಮಾತ್ಸುಚಿಯಾಮಾ ಶೋದೆನ್ ಅನ್ನೋ ಗುಡ್ಡದ ಗುಡಿಗೆ ಹೋಗಿ. ಅಲ್ಲಿರೋದು ಕಾಂಗಿಟೆನ್, ಅಂದ್ರೆ ನಮ್ಮ ಗಣಪತಿ. ಮೂಲವಿಗ್ರಹ ಯಾರಿಗೂ ತೋರ್ಸಲ್ಲ, ಗರಿಕೆ ಕಡಬು ಇಲ್ಲ, ಅಲ್ಲಿ ಗಣಪನಿಗೆ ಮೂಲಂಗಿ ನೈವೇದ್ಯ! ಗುಡಿಯಲ್ಲೇ ಮೂಲಂಗಿ ಮಾರ್ತಾರೆ, ಗೋಡೆ ಕಂಬದಲ್ಲೂ ಮೂಲಂಗಿ ಚಿತ್ರ, ಒಂದು ತಗೊಂಡು ಅರ್ಪಿಸಿ ಬನ್ನಿ.

ಪ್ರಶ್ನೆ: ನಾವು ಕಡಲ ತೀರದವರು, ನಮಗೆ ಸಿಟಿಗಿಂತ ದ್ವೀಪಗಳನ್ನೇ ನೋಡ್ಲಿಕ್ಕೆ ಇಷ್ಟ. ಯಾವುದು ಒಳ್ಳೇದುಂಟು?
(ಮಂಗಳೂರಿನಿಂದ)

ಉತ್ತರ: ಈ ಪ್ರಶ್ನೆಗೇ ಕಾಯ್ತಿದ್ದೆ. ಜಪಾನ್ ಅಂದ್ರೆ ಟೋಕಿಯೋದ ಶಿಬುಯಾ ಕ್ರಾಸಿಂಗು ಮತ್ತೆ ಕ್ಯೋಟೋದ ಕೆಂಪು ಕಮಾನು ಅಂತ ಎಲ್ರೂ ಅಲ್ಲೇ ನುಗ್ಗಿ ಜಾತ್ರೆ ಮಾಡ್ತಿದಾರೆ, 2024ರಲ್ಲಿ 3 ಕೋಟಿ 68 ಲಕ್ಷಕ್ಕೂ ಹೆಚ್ಚು ವಿದೇಶೀಯರು ಬಂದಿದ್ರು. ಅದೇ ದೇಶದ ದ್ವೀಪಗಳಲ್ಲಿ ಶಾಲೆ ಮುಚ್ಚಿದೆ, ಮನೆಗಳಿಗೆ ಬೀಗ ಬಿದ್ದಿದೆ. 2023ರ ಸರ್ಕಾರಿ ಸರ್ವೇ ಪ್ರಕಾರ ದೇಶದಲ್ಲಿ ಸುಮಾರು 90 ಲಕ್ಷ ಮನೆ ಖಾಲಿ. ಜನ ಎಲ್ಲಿ ಹೋಗ್ಬೇಕೋ ಅಲ್ಲಿ ಹೋಗ್ತಿಲ್ಲ ಅನ್ನೋದು ನನ್ನ ಸಂಕಟ.

ಹಿರೋಶಿಮಾ ಹತ್ರ ಮಿಯಾಜಿಮಾ ಎಲ್ಲರಿಗೂ ಗೊತ್ತು, ಫೆರಿಯಲ್ಲಿ ಹತ್ತು ನಿಮಿಷ, ನೀರಲ್ಲಿ ನಿಂತ ದೊಡ್ಡ ಕೆಂಪು ತೋರಿ ಕಮಾನು. ಅದು ನೆಲಕ್ಕೆ ಹೂತಿಲ್ಲ, ತನ್ನ ಭಾರಕ್ಕೇ ನಿಂತಿದೆ. ಉಬ್ಬರ ಇಳಿತದ ಹೊತ್ತು ನೋಡ್ಕೊಂಡು ಹೋಗಿ ಅಂತ ನಿಮಗೆ ಹೇಳಿಕೊಡೋದು ಬೇಡ. ಉಬ್ಬರದಲ್ಲಿ ಗುಡಿ ತೇಲೋ ಹಾಗೆ ಕಾಣತ್ತೆ, ಇಳಿತದಲ್ಲಿ ಕಮಾನಿನ ಬುಡಕ್ಕೇ ನಡ್ಕೊಂಡು ಹೋಗ್ಬಹುದು, ಅದಕ್ಕೆ ಒಂದು ರಾತ್ರಿ ಅಲ್ಲೇ ಉಳಿದ್ರೆ ಎರಡೂ ಸಿಗತ್ತೆ, ಸಂಜೆ ಮೇಲೆ ಜನಾನೂ ಖಾಲಿ.

ನನಗೆ ಇಷ್ಟ ಸೆತೋ ಒಳಸಮುದ್ರದ ನಾವೋಶಿಮಾ ಮತ್ತೆ ತೇಶಿಮಾ. ನಾವೋಶಿಮಾ ತಾಮ್ರ ಕರಗಿಸೋ ಕಾರ್ಖಾನೆ ಇರೋ ದ್ವೀಪ, ಅಲ್ಲಿಗೆ ಆರ್ಟ್ ಮ್ಯೂಸಿಯಂಗಳು ಬಂದ್ವು, ತಾದಾವೋ ಆಂದೋ ಅನ್ನೋ ವಾಸ್ತುಶಿಲ್ಪಿ ಕಟ್ಟಿದ ಚಿಚೂ ಮ್ಯೂಸಿಯಂ ಬಹುತೇಕ ಪೂರ್ತಿ ನೆಲದೊಳಗೇ ಇದೆ, ಖಾಲಿ ಬಿದ್ದಿದ್ದ ಹಳೇ ಮನೆಗಳನ್ನೂ ಒಂದೊಂದು ಕಲಾಕೃತಿ ಮಾಡಿದಾರೆ, ಪಕ್ಕದ ಮನೆಯಲ್ಲಿ ಅಜ್ಜಿ ಬಟ್ಟೆ ಒಣಗಿಸ್ತಾ ಇರ್ತಾರೆ. ಕಲಾವಿದೆ ಯಾಯೋಯಿ ಕುಸಾಮಾರ ಹಳದಿ ಕುಂಬಳಕಾಯಿ ಫೋಟೋ ನೋಡಿರ್ತೀರಿ, 2021ರಲ್ಲಿ ಬಿರುಗಾಳಿ ಅದನ್ನ ಸಮುದ್ರಕ್ಕೆ ಎಳ್ಕೊಂಡು ಹೋಗಿತ್ತು, 2022ರಲ್ಲಿ ಹೊಸದು ಇಟ್ರು. ತೇಶಿಮಾ ಕಥೆ ಇನ್ನೂ ದೊಡ್ಡದು. ವರ್ಷಗಟ್ಟಲೆ ಕಾರ್ಖಾನೆ ಕಸ ಕಳ್ಳತನದಲ್ಲಿ ತಂದು ಸುರಿದ ದ್ವೀಪ ಅದು, ಊರಿನ ಜನ, ಹೆಚ್ಚಿನವರು ವಯಸ್ಸಾದವರು, ದಶಕಗಳ ಕಾಲ ಹೋರಾಡಿ ಆ ಕಸ ತೆಗೆಸಿದ್ರು, ಸಾಗಿಸಿ ಸಂಸ್ಕರಿಸಿದ್ದು ಪಕ್ಕದ ನಾವೋಶಿಮಾದಲ್ಲಿ. ಅದೇ ತೇಶಿಮಾದಲ್ಲಿ ಈಗ ಗದ್ದೆಗಳ ಮಧ್ಯೆ ನೀರಿನ ಹನಿ ಆಕಾರದ ಮ್ಯೂಸಿಯಂ, ಒಳಗೆ ಚಿತ್ರ ಇಲ್ಲ, ಮೂರ್ತಿ ಇಲ್ಲ, ನೆಲದಿಂದ ಸಣ್ಣ ಸಣ್ಣ ಹನಿ ಉಕ್ಕಿ ಹರಿದು ಒಂದಕ್ಕೊಂದು ಸೇರೋದನ್ನ ನೋಡ್ತಾ ಕೂರೋದು. ಮಕ್ಕಳೂ ಗಪ್‌ಚಿಪ್ ಆಗಿ ಕೂರ್ತಾವೆ.

ಬಿಸಿಲು, ಹವಳ, ನೀಲಿ ನೀರು ಬೇಕಿದ್ರೆ ಓಕಿನಾವಾ ಕೆಳಗಿನ ಇಶಿಗಾಕಿಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ತಾಕೆತೊಮಿಗೆ ಫೆರಿಯಲ್ಲಿ ಕಾಲು ಗಂಟೆ. ಕೆಂಪು ಹೆಂಚಿನ ಮನೆ, ಹವಳದ ಕಲ್ಲಿನ ಗಿಡ್ಡ ಗೋಡೆ, ಬಿಳಿ ಮರಳಿನ ಬೀದಿ, ಬೆಳಗ್ಗೆ ಊರವರೇ ಗುಡಿಸ್ತಾರೆ. ಪ್ರವಾಸಿಗರನ್ನ ಕೋಣದ ಗಾಡಿಯಲ್ಲಿ ಸುತ್ತಿಸ್ತಾರೆ, ಗಾಡಿಯವರು ಸಾನ್‌ಶಿನ್ ಅನ್ನೋ ಮೂರು ತಂತಿಯ ವಾದ್ಯ ನುಡಿಸಿ ಹಾಡ್ತಾರೆ. ಓಕಿನಾವಾದ ಮುಖ್ಯ ದ್ವೀಪಕ್ಕೂ ಹೋದ್ರೆ ಬರೀ ಬೀಚು ನೋಡಿ ಬರಬೇಡಿ, 1945ರ ಭೀಕರ ಯುದ್ಧ ನಡೆದ ನೆಲ ಅದು, 1972ರವರೆಗೆ ಅಮೆರಿಕದ ಆಡಳಿತ ಇತ್ತು, ಈಗಲೂ ಅವರ ಸೇನಾ ನೆಲೆಗಳಿವೆ, ದಕ್ಷಿಣದಲ್ಲಿ ಶಾಂತಿ ಸ್ಮಾರಕ ಇದೆ, ಎರಡೂ ಕಡೆ ಸತ್ತವರ ಹೆಸರು ಕೆತ್ತಿದಾರೆ. ಬಾಡಿಗೆ ಕಾರ್ ಓಡಿಸೋದಾದ್ರೆ 1949ರ ಜಿನೀವಾ ಒಪ್ಪಂದದ ಇಂಟರ್‌ನ್ಯಾಷನಲ್ ಪರ್ಮಿಟ್ ಬೇಕು, ಆರ್‌ಟಿಓದಲ್ಲಿ ಮಾಡಿಸಿ. ಡ್ರೈವಿಂಗ್ ನಮ್ಮ ಹಾಗೇ ಎಡಗಡೆ.

ಎಲ್ಲ ಚಿಕ್ಕ ದ್ವೀಪಕ್ಕೂ ಕ್ಯಾಶ್ ಇಟ್ಕೊಂಡು ಹೋಗಿ, ಕೊನೇ ಫೆರಿ ಎಷ್ಟೊತ್ತಿಗೆ ಅಂತ ಇಳಿದ ತಕ್ಷಣ ಬೋರ್ಡ್ ಫೋಟೋ ತೆಗೀರಿ, ಸೋಮವಾರ ಬೇಡ, ಬಹಳ ಮ್ಯೂಸಿಯಂಗೆ ರಜ.

ಪ್ರಶ್ನೆ: ಒಂಬತ್ತು ವರ್ಷದ ಮಗಳನ್ನ ಹಿರೋಶಿಮಾ ಮ್ಯೂಸಿಯಂಗೆ ಕರ್ಕೊಂಡು ಹೋಗ್ಬಹುದಾ? ನನ್ನ ಹೆಂಡ್ತಿ ಬೇಡ ಅಂತಾಳೆ.
(ಮೈಸೂರಿನಿಂದ)

ಉತ್ತರ: ಹಿರೋಶಿಮಾಗೆ ಖಂಡಿತ ಕರ್ಕೊಂಡು ಹೋಗಿ, ಮ್ಯೂಸಿಯಂ ಒಳಗೆ ಹೋಗೋದನ್ನ ಮಗಳನ್ನ ನೋಡಿ ತೀರ್ಮಾನ ಮಾಡಿ. ಒಳಗೆ ಸುಟ್ಟು ಕರಕಲಾದ ಊಟದ ಡಬ್ಬಿ, ಮೂರು ವರ್ಷದ ಮಗು ಓಡಿಸ್ತಿದ್ದ ಮೂರು ಗಾಲಿ ಸೈಕಲ್, ಹರಿದ ಶಾಲೆ ಬಟ್ಟೆ ಇವೆ, ಗಾಯಾಳುಗಳ ಫೋಟೋ ಇವೆ, ದೊಡ್ಡವರಿಗೇ ಎದೆ ಕಟ್ಟತ್ತೆ. ಹೆಂಡ್ತಿಯವರು ಹೇಳೋದ್ರಲ್ಲಿ ತಪ್ಪಿಲ್ಲ. ಮೊದಲು ಪಾರ್ಕಲ್ಲಿ ಮಕ್ಕಳ ಸ್ಮಾರಕದ ಹತ್ರ ಹೋಗಿ, ಸದಾಕೋ ಸಾಸಾಕಿ ಕಥೆ ಹೇಳಿ, ಬಾಂಬ್ ಬಿದ್ದಾಗ ಎರಡು ವರ್ಷ, 1955ರಲ್ಲಿ ಹನ್ನೆರಡನೇ ವಯಸ್ಸಿಗೆ ಲುಕೇಮಿಯಾದಿಂದ ತೀರಿಹೋದ ಹುಡುಗಿ, ಆಸ್ಪತ್ರೆಯಲ್ಲಿ ಕಾಗದದ ಕೊಕ್ಕರೆ ಮಡಚ್ತಾ ಇದ್ಲು. ಮಗಳ ಕೈಯಲ್ಲೂ ಮನೆಯಲ್ಲೇ ಒಂದಷ್ಟು ಮಡಚಿಸ್ಕೊಂಡು ಹೋಗಿ, ಅಲ್ಲಿ ಇಡೋಕೆ ಜಾಗ ಇದೆ. ಹತ್ರದಲ್ಲೇ ನದಿ ಪಕ್ಕ 2023ರಲ್ಲಿ ಇಟ್ಟ ಗಾಂಧೀಜಿ ಪ್ರತಿಮೆನೂ ಇದೆ. ಆಮೇಲೆ ಟ್ರಾಮ್ ಹತ್ತಿಸಿ. 1945ರ ಆಗಸ್ಟ್ 6ಕ್ಕೆ ಊರು ಬೂದಿ ಆದ್ಮೇಲೆ ಮೂರೇ ದಿನಕ್ಕೆ ಒಂದು ಭಾಗದಲ್ಲಿ ಟ್ರಾಮ್ ಮತ್ತೆ ಓಡ್ತು ಅಂತ ಹೇಳಿ, ಆ ಊರಿನ ಜನರ ಗಟ್ಟಿತನ ಮಗೂಗೆ ಅರ್ಥ ಆಗತ್ತೆ. ನೀವು ಮತ್ತೆ ನಿಮ್ಮಾಕೆ ಬೇಕಾದ್ರೆ ಒಬ್ಬರಾದ್ಮೇಲೆ ಒಬ್ಬರು ಮ್ಯೂಸಿಯಂ ನೋಡ್ಬಹುದು.

ಪ್ರಶ್ನೆ: ಸರ್ ಎಂ.ವಿ. ಅವರು ಜಪಾನ್‌ಗೆ ಹೋಗಿದ್ರು ಅಂತಾರೆ, ನಿಜಾನಾ?
(ಚಿಕ್ಕಬಳ್ಳಾಪುರದಿಂದ)

ಉತ್ತರ: ನಿಜ. 1898ರಲ್ಲಿ, ಇನ್ನೂ ದಿವಾನರಾಗೋಕೆ ಎಷ್ಟೋ ವರ್ಷ ಮುಂಚೆ. ಅಲ್ಲಿನ ಶಾಲೆ, ಕೈಗಾರಿಕೆ ನೋಡಿದ್ದು ಅವರ ಮನಸ್ಸಲ್ಲಿ ಆಳವಾಗಿ ಉಳೀತು, ಆಮೇಲೂ ತಮ್ಮ ಬರಹಗಳಲ್ಲಿ ಜಪಾನನ್ನ ಮತ್ತೆ ಮತ್ತೆ ಉದಾಹರಣೆ ಕೊಡ್ತಿದ್ರು.

ಪ್ರಶ್ನೆ: ಕ್ಯೋಟೋದಲ್ಲಿ ಗೇಶಾಗಳ ಜೊತೆ ಫೋಟೋ ತೆಗೆಸ್ಕೋಬಹುದಾ? ಟಿಪ್ಸ್ ಎಷ್ಟು ಕೊಡ್ಬೇಕು? ಯಾವ ತಿಂಗಳು ಒಳ್ಳೇದು?
(ಬೆಂಗಳೂರು, ದಾವಣಗೆರೆ, ಇನ್ನೂ ಹಲವರು)

ಉತ್ತರ: ಗಿಯೋನ್‌ನಲ್ಲಿ, ಅಂದ್ರೆ ಕ್ಯೋಟೋದ ಗೇಶಾಗಳ ಬಡಾವಣೆಯಲ್ಲಿ, ಹಾಡು ನೃತ್ಯವೇ ವೃತ್ತಿಯಾದ ಆ ಹೆಣ್ಣುಮಕ್ಕಳು ಕೆಲಸಕ್ಕೆ ಹೋಗ್ತಿರ್ತಾರೆ, ದಾರಿ ಅಡ್ಡ ಹಾಕಿ, ಕಿಮೋನೋ ತೋಳು ಹಿಡಿದು ಎಳೆದು ಫೋಟೋ ತೆಗೆಯೋರ ಕಾಟ ತಡೀಲಾರದೆ 2024ರಲ್ಲಿ ಅಲ್ಲಿನವರು ಖಾಸಗಿ ಓಣಿಗಳಿಗೆ ಪ್ರವಾಸಿಗರು ಬರಬಾರದು ಅಂತ ಬೋರ್ಡ್ ಹಾಕಿದ್ರು, 10,000 ಯೆನ್ ದಂಡ. ದಯವಿಟ್ಟು ಕ್ಯಾಮೆರಾ ಒಳಗಿಡಿ. ಅವರ ನೃತ್ಯ ನೋಡೋಕೆ ಟಿಕೆಟ್ ಇಟ್ಟು ಮಾಡೋ ಪ್ರದರ್ಶನಗಳಿವೆ, ಅಲ್ಲಿಗೆ ಹೋಗಿ.

ಟಿಪ್ಸ್ ಇಲ್ಲ. ಟೇಬಲ್ ಮೇಲೆ ಬಿಟ್ಟು ಬಂದ್ರೆ ಮರೆತು ಹೋದ್ರಿ ಅಂತ ಹಿಂದೆ ಓಡಿ ಬಂದು ಕೊಡ್ತಾರೆ.

ತಿಂಗಳು: ಚೆರ್ರಿ ಹೂವು ಟೋಕಿಯೋ, ಕ್ಯೋಟೋದಲ್ಲಿ ಮಾರ್ಚ್ ಕೊನೆ, ಏಪ್ರಿಲ್ ಮೊದಲು, ಆದ್ರೆ ರೂಮು ದುಬಾರಿ, ಜನ ವಿಪರೀತ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರ ಅವರ ಗೋಲ್ಡನ್ ವೀಕ್ ರಜ, ಆಗಸ್ಟ್ ಮಧ್ಯ ಓಬೋನ್ ಅನ್ನೋ ಪಿತೃಗಳ ಹಬ್ಬ, ಎರಡೂ ಬೇಡ. ಜೂನ್ ಮೊದಲ ವಾರದ ಆಸುಪಾಸಿನಿಂದ ಮಳೆ, ಆಗಸ್ಟ್ ಸೆಪ್ಟೆಂಬರ್ ಬಿರುಗಾಳಿ. ನಾನಾದ್ರೆ ನವೆಂಬರ್ ಅಂತೀನಿ, ಚಳಿ ಹಿತವಾಗಿರತ್ತೆ, ಆಕಾಶ ತಿಳಿ, ಕ್ಯೋಟೋದಲ್ಲಿ ಎಲೆ ಕೆಂಪಾಗಿರತ್ತೆ. ನಮ್ಮ ದಸರಾ ರಜೆಯಲ್ಲೇ ಹೋಗ್ಬೇಕು ಅನ್ನೋರು ಅಕ್ಟೋಬರ್ ಎರಡನೇ ವಾರದ ಮೇಲೆ ಬುಕ್ ಮಾಡಿ, ಅಷ್ಟೊತ್ತಿಗೆ ಬಿರುಗಾಳಿ ಕಮ್ಮಿ ಆಗಿರತ್ತೆ, ಓಕಿನಾವಾದಲ್ಲಿ ಆಗಲೂ ನೀರಿಗಿಳಿಯೋಷ್ಟು ಬೆಚ್ಚಗಿರತ್ತೆ.